ಬ್ಯಾರನ್ ಗೋಡೆಯ ಸೋಪಿನ ಮಗು

ನನಗಾಗ ಹತ್ತು ವರ್ಷ. ಐವತ್ತಾರು ವರ್ಷದ ಹಿಂದಿನ ಮಾತು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಮೊನ್ನೆ ನನ್ನ ಕಿರೀಮಗ ಹುಣಸೂರಿನಿಂದ ಒಂದು ಫ್ಲೆಕ್ಸು ಸುತ್ತಿಕೊಂಡು ಬಂದು ನಡುಮನೆಯಲ್ಲಿ ಬಿಚ್ಚಿದ. ಮೊಮ್ಮಗಳಿಗೆ ಐದು ತುಂಬಿತು ಅಂತ ಅವಳ ಮುಖವನ್ನು ಬಾಗಿಲಷ್ಟು ದೊಡ್ಡದು ಮಾಡಿಸಿದ್ದ. ಕೆಳಗೆ ಶುಭ ಕೋರುವವರು ಅಂತ ಸಾಲಾಗಿ ಗಂಡಸರ ತಲೆ. ಮೂಲೆಯಲ್ಲಿ ಒಂದು ಬಟ್ಟೆ ಅಂಗಡಿಯ ಹೆಸರು, ಮಗು ಹಾಕಿಕೊಂಡಿದ್ದ ಫ್ರಾಕು ಅವರ ಅಂಗಡಿಯದೇ ಅಂತೆ. ಬಿಚ್ಚಿದ ಕೂಡಲೇ ಹಸಿ ಬಣ್ಣದ ವಾಸನೆ ಮನೆಯೆಲ್ಲ ತುಂಬಿಕೊಂಡಿತು. ಆ ವಾಸನೆಗೆ ನಾನು ಎದ್ದು ಹೊರಗೆ ಬಂದು ಜಗಲಿ ಮೇಲೆ ಕೂತೆ. ಅದನ್ನ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಬೇಡ ಅಂದೆ. ಯಾಕವ್ವ ಅಂದ. ಕಟ್ಟಬೇಡ ಅಂದರೆ ಕಟ್ಟಬೇಡ ಅಂದೆ. ಕೆಳಗಿನ ಸಾಲಿನಲ್ಲಿ ಅತ್ತೆಗೆ ಜಾಗ ಕೊಟ್ಟಿಲ್ಲ, ಅದಕ್ಕೇ ಕೋಪ ಅಂತ ಸೊಸೆ ನಗಾಡಿದಳು. ಕಟ್ಟಿಯೂ ಬಂದರು.

ಜಾಹೀರಾತು ಅಂದರೆ ನನಗೆ ಆಗುವುದಿಲ್ಲ ಅಂತಲ್ಲ. ಮಾರುವವನು ಕೂಗಲೇಬೇಕು. ಗಾಡಿಗೆ ಮೈಕು ಕಟ್ಟಿಕೊಂಡು ಈರುಳ್ಳಿ ಈರುಳ್ಳಿ ಅಂತ ಅರಚಿಕೊಂಡು ಹೋಗಲಿ, ಗೋಡೆ ತುಂಬ ಸಿಮೆಂಟಿನ ಹೆಸರು ಬರೆಯಲಿ, ಫೋನಿನಲ್ಲಿ ಶಿವನ ಪದ ಕೇಳುವಾಗ ನಡುವೆ ನುಗ್ಗಿ ಹಲ್ಲಿನ ಪೇಸ್ಟಿನ ಮಾತಾಡಲಿ, ನನ್ನ ಗಂಟೇನೂ ಹೋಗುವುದಿಲ್ಲ. ಅದರಲ್ಲಿ ಬರುವ ಹೆಂಗಸರು ಬಟ್ಟೆ ಒಗೆಯುತ್ತಾ ನಗುತ್ತಾರೆ, ಪಾತ್ರೆ ಬೆಳಗುತ್ತಾ ನಗುತ್ತಾರೆ. ಯಾವ ಊರಿನವರೋ ಏನೋ, ನಾನಂತೂ ಪಾತ್ರೆ ಬೆಳಗುವಾಗ ಒಂದು ದಿನವೂ ನಕ್ಕಿಲ್ಲ. ಅದೂ ಹೋಗಲಿ ಬುಡಿ. ಮಕ್ಕಳ ಮುಖ ಹಾಕಬಾರದು. ಇದೊಂದೇ ನನ್ನ ಮಾತು. ಹೋಗುವವರು ಬರುವವರೆಲ್ಲ ನೋಡಲಿ ಅಂತ ಒಂದು ಮಗುವಿನ ಮುಖವನ್ನು ಬಿಸಿಲಿಗೆ, ಮಳೆಗೆ, ಧೂಳಿಗೆ ಬಿಟ್ಟು, ತಾವು ಮನೆಗೆ ಬಂದು ಉಂಡು ಮಲಗುತ್ತಾರಲ್ಲ, ಅದು ನನಗೆ ಆಗುವುದಿಲ್ಲ.

ನಮ್ಮ ತೌರುಮನೆ ಗಾವಡಗೆರೆ ದಾರಿಯಲ್ಲಿತ್ತು. ಈಗ ಅಲ್ಲಿ ಮನೆಯೂ ಇಲ್ಲ, ಕೊಟ್ಟಿಗೆಯೂ ಇಲ್ಲ, ಯಾರದೋ ಗೊಬ್ಬರದ ಗೋಡೌನು ಬಂದಿದೆ. ಆಗ ನಾಡಹೆಂಚಿನ ಮನೆ, ರಸ್ತೆಗೆ ಅಂಟಿಕೊಂಡ ಹಾಗೆ ಬ್ಯಾರನ್. ಹೊಗೆಸೊಪ್ಪು ಬೇಯಿಸುವ ಮನೆಗೆ ನಮ್ಮ ಕಡೆ ಬ್ಯಾರನ್ ಅನ್ನುತ್ತಾರೆ. ಎತ್ತರದ ಇಟ್ಟಿಗೆ ಗೋಡೆ, ಕಿಟಕಿ ಇಲ್ಲ. ಒಳಗೆ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲಿಂದ ಕೆಳಗಿನವರೆಗೆ ಸಾಲಾಗಿ ತೂಗುಹಾಕಿ, ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಬಿಸಿ ತಗಡಿನ ಕೊಳವೆಗಳೊಳಗೆ ಹಾದು ಮನೆಯೆಲ್ಲ ಸುತ್ತುತ್ತದೆ. ಐದಾರು ದಿನ ಉರಿ ಕೆಡಬಾರದು. ಮೊದಲು ಸಣ್ಣ ಉರಿ, ಸೊಪ್ಪು ಹಳದಿ ತಿರುಗಿದ ಮೇಲೆ ದೊಡ್ಡದು, ದಂಟು ಒಣಗುವಾಗ ಇನ್ನೂ ದೊಡ್ಡದು. ನಡುವೆ ಆರಿದರೆ ಅಷ್ಟೂ ಸೊಪ್ಪು ಕಪ್ಪಾಗಿ ತಿಪ್ಪೆಗೆ ಹೋಗುತ್ತದೆ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ನಮ್ಮಜ್ಜಿ, ನಾನು, ನನ್ನ ತಂಗಿ ನಂಜಿ. ನಂಜಿಗೆ ನಾಲ್ಕು ವರ್ಷ. ದುಂಡು ಮುಖ, ಮುಂದಿನ ಎರಡು ಹಲ್ಲಿನ ನಡುವೆ ಸಂದು, ಹಣೆ ಮೇಲೆ ಬೆಳಿಗ್ಗೆ ಹಚ್ಚಿದ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಮೂಗಿಗೆ ಇಳಿದಿರುತ್ತಿತ್ತು.

ಆ ಬೇಸಿಗೆಯಲ್ಲಿ ಒಬ್ಬ ಬಣ್ಣದವನು ಸೈಕಲ್ಲಿಗೆ ಡಬ್ಬ ಕಟ್ಟಿಕೊಂಡು ಬಂದ. ಮಕ್ಕಳ ಸೋಪಿನ ಕಂಪನಿಯವರು ಕಳಿಸಿದ್ದರು. ರಸ್ತೆ ಕಡೆಯ ಗೋಡೆ ಕೊಟ್ಟರೆ ಒಂದು ಪೆಟ್ಟಿಗೆ ಸೋಪು ಕೊಡುತ್ತಾರೆ ಅಂದ. ಅಪ್ಪ ಹೂಂ ಅಂದ, ಸುಮ್ಮನೆ ನಿಂತಿರುವ ಗೋಡೆ ತಾನೆ. ಅವನು ಸುಣ್ಣ ಹೊಡೆದು, ದೊಡ್ಡ ದೊಡ್ಡ ಅಕ್ಷರ ಬರೆದು, ಪಕ್ಕದಲ್ಲಿ ಮಗುವಿನ ಮುಖ ಬರೆಯೋಕೆ ಹೋದ. ಕಂಪನಿಯವರು ಕೊಟ್ಟ ಕಾಗದದಲ್ಲಿ ಗುಂಗುರು ಕೂದಲಿನ ಬಿಳೀ ಮಗು ಇತ್ತು. ಎರಡು ಸಲ ಬರೆದು ಎರಡು ಸಲವೂ ಒರೆಸಿದ. ಕಾಗದದ ಮಗು ನನ್ನ ಕೈಗೆ ಬರುವುದಿಲ್ಲ, ಎದುರಿಗಿದ್ದರೆ ಬರುತ್ತದೆ ಅಂತ ತನಗೆ ತಾನೇ ಹೇಳಿಕೊಂಡ. ಎದುರಿಗೆ ಕಲ್ಲಿನ ಮೇಲೆ ನಂಜಿ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದಳು. ಅವಳನ್ನೇ ನೋಡಿ ನೋಡಿ ಬರೆದ. ಕಣ್ಣು ಕೊನೆಗೆ ಬಿಡಿಸಿದ. ಕಣ್ಣು ಬಂದ ಕೂಡಲೇ ಅಜ್ಜಿ ಕೂತಲ್ಲಿಂದ ಎದ್ದು ನಿಂತಳು. ಗೋಡೆ ಮೇಲಿದ್ದದ್ದು ನಮ್ಮ ನಂಜಿ, ಹಲ್ಲಿನ ಸಂದೂ ಸೇರಿಸಿ. ಕೆನ್ನೆ ನನ್ನ ತಲೆಯ ಎತ್ತರಕ್ಕೆ, ಕಣ್ಣು ಇನ್ನೂ ಮೇಲೆ. ಅಜ್ಜಿ ಒಳಗೆ ಹೋಗಿ ಬಾಣಲಿಯ ಮಸಿ ಬೆರಳಿಗೆ ಬಳಿದುಕೊಂಡು ಬಂದು, ದೃಷ್ಟಿಯಾಗದಿರಲಿ ಅಂತ ಆ ಕೆನ್ನೆ ಮೇಲೆ ಒಂದು ಬೊಟ್ಟು ಇಟ್ಟಳು.

ಬಣ್ಣದವನು ನಕ್ಕ. "ಅಜ್ಜಿ, ಇದು ಸೋಪಿನ ಮಗ. ಕೆನ್ನೆ ಮ್ಯಾಲೆ ಮಸಿ ಇದ್ರೆ ಆ ಸೋಪ ಯಾರ್ ತಗತರೆ, ನೀವೇ ಹೇಳಿ." ಅಪ್ಪನೂ ನಕ್ಕ, ಅವ್ವನೂ ನಕ್ಕಳು. ಅವನು ಸೀಮೆಎಣ್ಣೆ ಬಟ್ಟೆಯಲ್ಲಿ ಬೊಟ್ಟು ಒರೆಸಿ, ಅದರ ಮೇಲೆ ಒಂದು ಪದರ ಬಣ್ಣ ಬಳಿದು, ಸೈಕಲ್ ಹತ್ತಿ ಹೋದ. ಅಜ್ಜಿ ಒಬ್ಬಳು ನಗಲಿಲ್ಲ.

ಬೇಸಿಗೆ ಪೂರಾ ಬಸ್ಸಿನಲ್ಲಿ ಹೋಗುವವರು ಕತ್ತು ತಿರುಗಿಸಿ ಗೋಡೆ ನೋಡಿದರು, ಅಂಗಳದಲ್ಲಿ ನಂಜಿ ಕಂಡರೆ ಮತ್ತೆ ಗೋಡೆ ನೋಡಿದರು. ಅಷ್ಟೇ, ಬೇರೇನೂ ಆಗಲಿಲ್ಲ. ಆಗಿದ್ದು ಮಳೆಗಾಲದಲ್ಲಿ, ಮೊದಲ ಸಲ ಬ್ಯಾರನ್ನಿಗೆ ಬೆಂಕಿ ಹಾಕಿದಾಗ. ಗೋಡೆ ಬಿಸಿಯಾಗಿ ಬಣ್ಣದ ವಾಸನೆ ಮತ್ತೆ ಎದ್ದಿತು. ಜಡಿಮಳೆಯ ಹನಿ ಆ ಮುಖದ ಮೇಲೆ ಬಿದ್ದು ಮೆಲ್ಲಗೆ ಆವಿಯಾಗಿ ಏಳುತ್ತಿತ್ತು. ನೋಡುವವರಿಗೆ ಮಗು ಚಳಿಯಲ್ಲಿ ಉಸಿರು ಬಿಡುತ್ತಿರುವ ಹಾಗೆ. ಕೆನ್ನೆ ಮುಟ್ಟಿದರೆ ಬೆಚ್ಚಗೆ, ಎಣ್ಣೆ ಬಣ್ಣ ಮೆತ್ತಗಾಗಿ ಕೈಗೆ ಸ್ವಲ್ಪ ಅಂಟುತ್ತಿತ್ತು. ಬದುಕಿರುವ ಮೈ ಹಾಗೇ ಇರುತ್ತದೆ. ನಂಜಿಗೆ ಹೆದರಿಕೆ ಇರಲಿಲ್ಲ. ಅದಕ್ಕೆ ದೊಡ್ಡನಂಜಿ ಅಂತ ಹೆಸರಿಟ್ಟಿದ್ದಳು. ಎಲ್ಲರೂ ಸೊಪ್ಪು ಕಟ್ಟುತ್ತಾ ಕೂತಾಗ ಅವಳು ಗೋಡೆ ಬುಡದ ಕಲ್ಲು ಹತ್ತಿ ತನ್ನ ಕೆನ್ನೆಯನ್ನು ಅದರ ಕೆನ್ನೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಸೊಪ್ಪು ಇಳಿಸಿ ಒಲೆ ಆರಿದ ದಿನ, ದೊಡ್ಡನಂಜಿಗೆ ಚಳಿ ಅಂತ ಅಳುತ್ತಿದ್ದಳು. ಮೂರನೇ ಸಲ ಬೆಂಕಿ ಹಾಕಿದ ದಿನ ಗೋಡೆ ಮುಟ್ಟಿ ಬಂದು, "ಅಕ್ಕ, ದೊಡ್ನಂಜಿಗೆ ಜರ ಬಂದದೆ" ಅಂದಳು. ಅವತ್ತು ಸಂಜೆಗೆ ಅವಳಿಗೇ ಮೈ ಬಿಸಿಯಾಯಿತು.

ಒಲೆಯ ಉರಿ ಸಣ್ಣದಿದ್ದಾಗ ಜ್ವರವೂ ಸಣ್ಣದಿತ್ತು. ಮೂರನೇ ದಿನ ಸೊಪ್ಪು ಹಳದಿ ತಿರುಗಿತು, ಅಪ್ಪ ಉರಿ ಏರಿಸಿದ. ನಂಜಿ ಕಣ್ಣು ಬಿಡದ ಹಾಗಾದಳು. ಗಾವಡಗೆರೆಯಿಂದ ಕಾಂಪೌಂಡರು ಬಂದು ಸೂಜಿ ಹಾಕಿ, ನಾಳೆಯೊಳಗೆ ಇಳಿಯದಿದ್ದರೆ ಹುಣಸೂರಿನ ದೊಡ್ಡಾಸ್ಪತ್ರೆಗೆ ಹೋಗಲೇಬೇಕು ಅಂತ ಹೇಳಿ ಹೋದರು. ಅವ್ವ ಒಂದು ಸಲ ಮಗುವಿನ ಹಣೆ ಮುಟ್ಟುವುದು, ಹೊರಗೆ ಹೋಗಿ ಗೋಡೆಯ ಕೆನ್ನೆ ಮುಟ್ಟುವುದು, ಮತ್ತೆ ಬಂದು ಹಣೆ ಮುಟ್ಟುವುದು. ನಾನೂ ಮುಟ್ಟಿ ನೋಡಿದೆ. ಎರಡೂ ಒಂದೇ ಬಿಸಿ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ನನ್ನ ಈ ಕೈಯಲ್ಲೇ ಮುಟ್ಟಿದ್ದು. ನಾಲ್ಕನೇ ದಿನ ಅವ್ವ ಅಪ್ಪನ ಮುಂದೆ ಹೋಗಿ ನಿಂತಳು. "ಒಲೆ ಆರ್ಸ್‌ಬುಡಿ ಕಣ್ರೀ. ಅದು ಉರಿದಂಗೆಲ್ಲ ಇದು ಉರೀತದೆ." ಅಪ್ಪ ಬೈಯಲಿಲ್ಲ. ಬಣ್ಣಕ್ಕೂ ಮಗೀಗೂ ಏನು ಸಂಬಂಧ, ಒಲೆ ಆರಿಸಿದರೆ ಸೊಪ್ಪು ಹೋಗುತ್ತದೆ, ಜ್ವರ ಹೋಗುವುದಿಲ್ಲ, ನಾನು ಹೋಗಿ ಜೀಪು ತರುತ್ತೇನೆ, ಆಸ್ಪತ್ರೆಗೆ ಹೋಗೋಣ ಅಂದ. ಹೋಗುವಾಗ ನನ್ನ ಕರೆದು, ಉರಿ ಇಳಿದಂಗೆ ಒಂದೊಂದು ಸೌದೆ ಮುಂದಕ್ಕೆ ತಳ್ಳುತ್ತಾ ಇರು, ಆರೋಕೆ ಬಿಡಬೇಡ ಅಂದ. ಹೊರಟವನು ಮಳೆಯಲ್ಲೇ ಓಡಿದ.

ನಾನು ಒಲೆಯ ಮುಂದೆ ಕೂತೆ. ಹಾಡಹಗಲು, ರಸ್ತೆಯಲ್ಲಿ ಜನ ಇಲ್ಲ. ಒಳಗಿಂದ ನಂಜಿ ನರಳುವುದು ಕೇಳುತ್ತಿತ್ತು. ಎದ್ದು ಮೂಲೆ ಸುತ್ತಿ ಹೋಗಿ ಗೋಡೆ ನೋಡಿದೆ. ಮಳೆ ನಿಂತಿತ್ತು, ಆದರೂ ಆ ಮುಖದಿಂದ ಆವಿ ಏಳುತ್ತಿತ್ತು. ಮುಖ ನಗುತ್ತಲೇ ಇತ್ತು. ಜ್ವರ ಬಂದ ಮಗು ಹಾಗೆ ನಗಬಾರದು. ನನಗೆ ಎಲ್ಲಿತ್ತೋ ಸಿಟ್ಟು, ವಾಪಸ್ಸು ಬಂದು ಉರಿಯುವ ಸೌದೆಗಳನ್ನು ಒಂದೊಂದಾಗಿ ಹೊರಗೆ ಎಳೆದೆ. ಕೈ ಸುಟ್ಟಿತು. ದನಕ್ಕೆ ಇಟ್ಟಿದ್ದ ನೀರನ್ನು ಒಲೆಯೊಳಕ್ಕೆ ಎರಚಿದೆ. ಬಿಳೀ ಹೊಗೆ ಬುಸ್ಸಂತ ಬಂತು. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಅವ್ವ ನಿಂತಿದ್ದಳು. ಹೊಗೆ ನೋಡಿದಳು, ನನ್ನ ಕೈ ನೋಡಿದಳು. ಒಳಗೆ ಹೋದಳು.

ದೀಪ ಹಚ್ಚುವ ಹೊತ್ತಿಗೆ ಮಳೆ ಮತ್ತೆ ಹಿಡಿದಿತ್ತು, ಅಪ್ಪ ಜೀಪು ತಂದ. ಅಷ್ಟರಲ್ಲಿ ಗೋಡೆ ಉಗುರು ಬೆಚ್ಚಗಾಗಿತ್ತು, ನಂಜಿಯ ಮೈ ಬೆವರಿ ಜ್ವರ ಇಳಿದಿತ್ತು. ಕಣ್ಣು ಬಿಟ್ಟು ಗಂಜಿ ಕೇಳಿ ಎರಡು ಗುಟುಕು ಕುಡಿದಿದ್ದಳು. ಅಪ್ಪ ಹಣೆ ಮುಟ್ಟಿ ನೋಡಿದ, ಅಜ್ಜಿ ಮುಟ್ಟಿ ನೋಡಿದಳು, ಜೀಪಿನವನೂ ಒಳಗೆ ಬಂದು ಮುಟ್ಟಿ, ಈಗೇನಿಲ್ವಲ್ಲ ಅಂದ. ಜ್ವರ ಇಳಿದ ಮಗುವನ್ನು ಈ ಮಳೆಯಲ್ಲಿ ಎತ್ತಿಕೊಂಡು ಹೋಗುವುದು ಬೇಡ ಅಂತ ಅಪ್ಪ ಜೀಪು ವಾಪಸ್ಸು ಕಳಿಸಿದ. ಆಮೇಲೆ ಒಲೆ ಕಡೆ ಹೋದ. ಬಂದು ಹೊಸ್ತಿಲ ಮೇಲೆ ನಿಂತು ಯಾರು ಆರಿಸಿದ್ದು ಅಂತ ಕೇಳಿದ. ನನ್ನ ಕೈಯಲ್ಲಿ ಬೊಬ್ಬೆ ಎದ್ದಿತ್ತು, ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ಅವ್ವ ನನ್ನ ಕಡೆ ನೋಡದೆ, "ನಾನು" ಅಂದಳು. ಅಪ್ಪ ಹೆಗಲ ಮೇಲಿನ ಒದ್ದೆ ಟವಲು ತೆಗೆದು ಹಿಂಡಿದ. "ಓಗ್ಲಿ ಬುಡು. ಸೊಪ್ಪು ಓದ್ರೆ ಓಯ್ತು. ಮಗ ಉಳೀತಲ್ಲ."

ಅವತ್ತು ನಂಜಿಯ ಪಕ್ಕ ನಾನೇ ಮಲಗಿದೆ. ಮೈ ತಣ್ಣಗಿತ್ತು. ತಣ್ಣಗಾಗುತ್ತಾ ಹೋಯಿತು, ನನಗೆ ಸಂತೋಷವಾಗಿ ನಿದ್ದೆ ಬಂತು. ಬೆಳಕು ಹರಿಯುವಾಗ ಅವ್ವ ಬಂದು ಮುಟ್ಟಿದಳು. ನನ್ನ ಕೈಯನ್ನು ನಂಜಿಯ ಮೇಲಿಂದ ಮೆಲ್ಲಗೆ ಎತ್ತಿ ನನ್ನ ಎದೆ ಮೇಲೆ ಇಟ್ಟು, ಅಪ್ಪನನ್ನು ಎಬ್ಬಿಸೋಕೆ ಹೋದಳು. ಮಧ್ಯಾಹ್ನ ಮಠದ ಅಯ್ನೋರು ಬಂದರು. ಹಣೆ ತುಂಬ ವಿಭೂತಿ ಹಚ್ಚಿ, ನಮ್ಮ ಪದ್ಧತಿಯಂತೆ ಕೂರಿಸಿ, ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ದಾರಿ ಗೋಡೆಯ ಮುಂದೆಯೇ ಹೋಗುತ್ತಿತ್ತು. ಎಲ್ಲರೂ ತಲೆ ತಗ್ಗಿಸಿಕೊಂಡು ಹೋದರು, ನಾನೊಬ್ಬಳೇ ನೋಡಿದ್ದು.

ನನ್ನ ದೊಡ್ಡಮಗ ಹೇಳುತ್ತಾನೆ, ಒಲೆಗೂ ಜ್ವರಕ್ಕೂ ಏನೂ ಇಲ್ಲ, ಸಾಯುವ ಮುಂಚೆ ಕೆಲವರಿಗೆ ಜ್ವರ ಹಾಗೆ ಇಳಿಯುತ್ತದಂತೆ. ನನ್ನ ಮಾತು ಅಂತ ಹೇಳದೆ, ಯಾರದೋ ಕತೆ ಅಂತ ಕೇಳಿದ್ದೆ. ಇರಬಹುದು. ಆದರೆ ಜ್ವರ ಇಳಿಯದೆ ಇದ್ದಿದ್ದರೆ ಜೀಪು ವಾಪಸ್ಸು ಹೋಗುತ್ತಿರಲಿಲ್ಲ. ಅಷ್ಟು ಲೆಕ್ಕ ಮೂರನೇ ಕ್ಲಾಸು ಓದಿದವಳಿಗೂ ಬರುತ್ತದೆ. ಅವ್ವ ಸಾಯುವವರೆಗೂ ಆ "ನಾನು" ಅನ್ನುವ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ. ಅಪ್ಪನೂ ಹಾಗೇ ನಂಬಿಕೊಂಡು ಸತ್ತ, ಅಂತ ಅಂದುಕೊಂಡಿದ್ದೇನೆ. ಬಣ್ಣದವನು ಮತ್ತೆ ಬರಲಿಲ್ಲ, ಆ ಸೋಪೂ ಅಂಗಡಿಗಳಲ್ಲಿ ಬರುವುದು ನಿಂತಿತು. ಮುಖ ಮಾತ್ರ ಉಳಿಯಿತು. ಅಕ್ಷರಗಳು ಮೊದಲು ಉದುರಿದವು, ಆಮೇಲೆ ಕೂದಲು, ಹಣೆ. ನಾನು ಮದುವೆಯಾಗಿ ಪಿರಿಯಾಪಟ್ಟಣದ ಕಡೆಗೆ ಹೋದಾಗಲೂ ಬಾಯಿ, ಹಲ್ಲಿನ ಸಂದು, ಎರಡು ಕಣ್ಣು ಇದ್ದವು. ಬಸ್ಸಿನ ಕಂಡಕ್ಟರು ಸೋಪಿನ ಮಗು ಅಂತ ಕೂಗಿದರೆ ನಮ್ಮ ಮನೆಯವರು ಇಳಿಯುತ್ತಿದ್ದರು. ನಮ್ಮಪ್ಪನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಳೆಗೆ ಗೋಡೆ ಬಿದ್ದ ವರ್ಷ ಇಟ್ಟಿಗೆಗಳನ್ನು ಯಾರು ಯಾರೋ ಹೊತ್ತುಕೊಂಡು ಹೋದರಂತೆ. ಯಾರ ಮನೆಯ ಗೋಡೆಯಲ್ಲಿ ಯಾವ ಚೂರು ಇದೆಯೋ.

ನಂಜಿಯನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಎದ್ದು ಗೋಡೆಯ ಕೆನ್ನೆ ಮುಟ್ಟಿದೆ. ತಣ್ಣಗಿತ್ತು. ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಬ್ಯಾರನ್ನಿನ ಒಲೆಯಿಂದ ಒದ್ದೆ ಬೂದಿ ಎಳೆದು ಹಾಕಿದೆ. ಒಣ ಸೌದೆ ಹುಡುಕಿ ಒಳಗೆ ಜೋಡಿಸಿ, ಬೆಂಕಿಪೊಟ್ಟಣ ತಂದು ಹೊತ್ತಿಸಿದೆ. ಹೊತ್ತಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಅಪ್ಪ ಎದ್ದು ಬಂದು ಹಿಂದೆ ನಿಂತ. ಒಳಗಿನ ಸೊಪ್ಪು ಆಗಲೇ ಕಪ್ಪಾಗಿ ಹೋಗಿದೆ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಕೈಯ ಬಟ್ಟೆ ನೋಡಿದ. ಕೊಟ್ಟಿಗೆಗೆ ಹೋಗಿ ಒಂದು ಹೊರೆ ಸೌದೆ ತಂದು ನನ್ನ ಪಕ್ಕದಲ್ಲಿ ಹಾಕಿದ.