ರಾಕ್ಷಸನ ಬೊಕ್ಕಸದಿಂದ ಒಂದು ಸಂಕ

ನಿನ್ನೆ ಸಂಜೆ ಯಾರೋ ಮೊಬೈಲಿಗೆ ತಾಳಮದ್ದಲೆಯ ತುಣುಕೊಂದನ್ನು ಕಳಿಸಿದ್ದರು. ರಾಜ ಕೇಳುತ್ತಾನೆ, 'ಮಂತ್ರಿಗಳೇ, ಬೊಕ್ಕಸ ಹೇಗಿದೆ?' ಮಂತ್ರಿ ಕಣ್ಣು ಮಿಟುಕಿಸದೆ, 'ತುಂಬಿ ತುಳುಕುತ್ತಿದೆ ಪ್ರಭು' ಎನ್ನುತ್ತಾನೆ. ನೀವೂ ಕೇಳಿರುತ್ತೀರಿ. ಪ್ರಸಂಗಗಳಲ್ಲಿ ಖಾಲಿ ಬೊಕ್ಕಸದ ರಾಜನನ್ನು ನಾನಂತೂ ಕಂಡಿಲ್ಲ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರೊಬ್ಬರನ್ನು ಮಾತ್ರ ಕಂಡಿದ್ದೇನೆ, ಮಂಜಪ್ಪಣ್ಣನನ್ನು.

ಆಗ ನಾನು ಸಾಗರದಲ್ಲಿ ಮೇಷ್ಟ್ರು. ರಜೆ ಬಂದರೆ ಸಾಕು, ಹೊಸನಗರ, ತೀರ್ಥಹಳ್ಳಿ ಕಡೆಗೆ ತಾಳಮದ್ದಲೆಯಲ್ಲಿ ಅರ್ಥ ಹೇಳಲು ಓಡುವ ಚಟ. ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ ಹಾಡಿದ ಮೇಲೆ ಕೂತಲ್ಲೇ ಮಾತು ಕಟ್ಟಬೇಕು. ಗಂಟಲು ದೊಡ್ಡದಾದ್ದರಿಂದ ನನಗೆ ಯಾವಾಗಲೂ ರಾಜನ ಪಾತ್ರವೇ. ಮನೆಯಲ್ಲಿ ಒಂದು ಲೋಟ ಕಾಫಿಗೆ ಅಂಗಲಾಚಬೇಕಾದವನು ಅಲ್ಲಿ ಮೂರು ಲೋಕ ಆಳುತ್ತಿದ್ದೆ.

ಒಂದು ಮಧ್ಯಾಹ್ನ ರಿಪ್ಪನ್‌ಪೇಟೆ ಹತ್ತಿರದ ಹಳ್ಳಿಯೊಂದರ ಗಣಪತಿ ಪೆಂಡಾಲಿನಲ್ಲಿ ನಾನು ರಾಕ್ಷಸರಾಜ. ನನ್ನ ರಾಜ್ಯದ ತೆರಿಗೆ ಪದ್ಧತಿ ಭಾರಿ ಅನುಕೂಲದ್ದು. ದೇವತೆಗಳೇ ಕಪ್ಪ ಕೊಡಬೇಕು. ಗಾಳಿ ದೇವರು ಅಂಗಳ ಗುಡಿಸಬೇಕು, ಮಳೆ ದೇವರು ನೀರು ಚಿಮುಕಿಸಬೇಕು. ಮಂತ್ರಿ, ಆ ಊರಿನ ರೈತ ಮಂಜಪ್ಪಣ್ಣ. ನಾನು ಮಾಮೂಲಿನಂತೆ ಬೊಕ್ಕಸ ವಿಚಾರಿಸಿದೆ.

'ಎಲ್ಲರ ಕಪ್ಪವೂ ಬಂದಿದೆ ಪ್ರಭು. ಮಳೆ ದೇವರಂತೂ ಹೆಚ್ಚೇ ಕೊಟ್ಟಿದ್ದಾರೆ. ಹಳ್ಳ ಉಕ್ಕಿ ಹರಿಯುತ್ತಿದೆ. ದಾಟಲು ಕಾಲುಸಂಕವಿಲ್ಲದೆ ಆಚೆಯ ಮಕ್ಕಳು ಶಾಲೆಗೆ ಹೋಗುತ್ತಿಲ್ಲ. ಇಷ್ಟು ತೆರಿಗೆಯಲ್ಲಿ ಒಂದು ಸಂಕ ಆಗದೇ?'

ಹಳ್ಳದ ಆಚೆ ಇದ್ದದ್ದು ಮಂಜಪ್ಪಣ್ಣನದೇ ಮನೆ. ಮಗಳು ಶಾರದೆ ಮಳೆಗಾಲವಿಡೀ ಶಾಲೆ ಬಿಟ್ಟು ಕೂರುತ್ತಿದ್ದಳು. ಮುಂದಿನ ಸಾಲಿನಲ್ಲಿ ಪಂಚಾಯ್ತಿಯವರಿದ್ದರು. ನಾನು ತಬ್ಬಿಬ್ಬಾದೆ. ಸ್ವರ್ಗಕ್ಕೆ ದಂಡೆತ್ತಿ ಹೋಗುವ ಪದ ಬೇರೆ ಕಾದಿತ್ತು.

'ಯುದ್ಧ ಮುಗಿಯಲಿ, ನೋಡೋಣ' ಎಂದೆ.

'ಯುದ್ಧದಲ್ಲಿ ಪ್ರಭುಗಳು ತೀರಿಕೊಳ್ಳುತ್ತೀರಿ. ಪ್ರಸಂಗದಲ್ಲಿ ಹಾಗೇ ಇದೆ. ಈಗಲೇ ಮಂಜೂರು ಮಾಡಿ.'

ಪೆಂಡಾಲಿಗೆ ಪೆಂಡಾಲೇ ಬಿದ್ದು ಬಿದ್ದು ನಕ್ಕಿತು. ಭಾಗವತರ ತಾಳ ಕೈಜಾರಿತು. 'ಮಂಜೂರು!' ಎಂದು ಗುಡುಗಿ ಬಚಾವಾದೆ.

ಎಲ್ಲ ಮುಗಿದು ಅವಲಕ್ಕಿ ತಿನ್ನುವಾಗ ಮಂಜಪ್ಪಣ್ಣ ಬಂದು ನನ್ನ ಕೈ ಹಿಡಿದರು.

'ತಪ್ಪು ತಿಳ್ಕಬೇಡಿ ಮೇಷ್ಟ್ರೇ. ಕೇಳೋ ಕಡೆಯೆಲ್ಲ ಕೇಳಿ ಆಯ್ತು. ಇನ್ನೆಲ್ಲಿ ಕೇಳೋದು ಅಂತ ಗೊತ್ತಾಗ್ಲಿಲ್ಲ.'

ಸಂಕವೇನೋ ಬಂತು. ರಾಕ್ಷಸ ಒಂದೇ ಮಾತಿನಲ್ಲಿ ಕೊಟ್ಟದ್ದನ್ನು ಪಂಚಾಯ್ತಿಯವರು ಕೊಡಲು ಇನ್ನೆರಡು ಮಳೆಗಾಲ ಹಿಡಿಯಿತು. ಅಷ್ಟರಲ್ಲಿ ಹಿಂದೆ ಬಿದ್ದಿದ್ದ ಶಾರದೆ ತನಗಿಂತ ಸಣ್ಣವರ ಜೊತೆ ತಲೆ ತಗ್ಗಿಸಿ ಕೂತು ಓದಬೇಕಾಯಿತು. ಮಂಜಪ್ಪಣ್ಣ ಈಗಿಲ್ಲ. ಅಂಥ ಮಂತ್ರಿ ನನಗೆ ಮತ್ತೆ ಸಿಗಲಿಲ್ಲ.

ಇವತ್ತು ಬೆಳಿಗ್ಗೆ ಈ ವರ್ಷದ ತಾಳಮದ್ದಲೆಗೆ ಕರೆಯಲು ಸಂಘದವರು ಫೋನ್ ಮಾಡಿದ್ದರು. 'ಈ ಸಲ ನನಗೆ ಮಂತ್ರಿ ಕೊಡಿ' ಎಂದೆ.

'ಎಂತಕ್ಕೆ ಮಾರಾಯ್ರೆ? ನಿಮ್ಮ ಗಂಟಲಿಗೆ ರಾಜನೇ ಸೈ.'

'ನಮ್ಮ ಬೀದಿ ಅಂಗನವಾಡಿ ಹೆಂಚಿನ ಮಾಡು ಸೋರ್ತಾ ಇದೆ. ಮುಂದಿನ ಸಾಲಲ್ಲಿ ಕೂರೋಕೆ ಯಾರ್ಯಾರನ್ನ ಕರ್ದಿದೀರಿ, ಅದನ್ನ ಹೇಳಿ.'