ಹುಳಕ್ಕೆ ಆಗದ ಹೊಗೆ

ದಿಬ್ಬೂರಹಳ್ಳಿಯ ಆಶಾ ಕಾರ್ಯಕರ್ತೆ ಅನಸೂಯಮ್ಮ ಹದಿನಾಲ್ಕು ವರ್ಷದಿಂದ ಮನೆ ಮನೆ ತಿರುಗಿದವಳು. ಬಸುರಿ, ಬಾಣಂತಿ, ಬಿ.ಪಿ., ಶುಗರ್ ಎಲ್ಲದಕ್ಕೂ ಊರಿಗೆ ಅವಳೇ ಬೇಕು. ಬಾಯಿಗೆ ಎಲೆ ಅಡಿಕೆ ಕೂಡ ಹಾಕಿದವಳಲ್ಲ. ಬಿಡದ ಕೆಮ್ಮೆಂದು ಹೋದ ಅಂಥವಳ ಎದೆಯನ್ನು ಪರೀಕ್ಷಿಸಿದ ಶಿಡ್ಲಘಟ್ಟದ ಡಾಕ್ಟರು, ಕಫದಲ್ಲಿ ಟಿ.ಬಿ. ಇಲ್ಲ ಎಂದು ಹೇಳಿ, ದನಿ ತಗ್ಗಿಸಿ ಕೇಳಿದ್ದರು: "ಎಷ್ಟು ವರ್ಷದಿಂದ ಸೇದ್ತಿದ್ದೀರಮ್ಮ?"

ತಾನು ಸೇದುವುದಿಲ್ಲ, ಬೀಡಿ ಸೇದುವ ರೋಗಿಯೊಬ್ಬನ ಎದುರು ದಿನವೂ ಕೂರುತ್ತೇನೆ ಎಂದು ಅವಳು ಬಿಡಿಸಿ ಹೇಳಿದಳು. "ಹಾಗಾದ್ರೆ ಸೇದೋರ ಹತ್ರ ಕೂರ್ಬೇಡಿ. ಹೋದ ಉಸಿರು ವಾಪಸ್ ಬರಲ್ಲ" ಎಂದರು ಡಾಕ್ಟರು.

ಕೂರಬೇಡಿ ಎಂದರೆ ಹೇಗೆ? ಅವಳ ಕೆಲಸವೇ ಕೂರುವುದು. ರೇಷ್ಮೆ ಹುಳ ಸಾಕುವ ನಲ್ಲಪ್ಪನಿಗೆ ಟಿ.ಬಿ.; ದಿನವೂ ಮೂರು ಮಾತ್ರೆ ನುಂಗುವುದನ್ನು ಅವಳು ಕಣ್ಣಾರೆ ನೋಡಿ ಕಾರ್ಡಿನಲ್ಲಿ ಗುರುತು ಹಾಕಬೇಕು. ಮೊದಲ ವಾರ ಅವನು ಮಾತ್ರೆಯನ್ನು ಉಗಿದಿದ್ದ. ಬೀಡಿ ಎಳೆದರೆ ಮಾತ್ರ ಗಂಟಲಲ್ಲಿ ಇಳಿಯುತ್ತದೆ ಎಂದು ಹಟ ಹಿಡಿದಿದ್ದ. ರೋಗಿ ಉಳಿದರೆ ಸಾಕೆಂದು ಅನಸೂಯಮ್ಮ ಒಪ್ಪಿಬಿಟ್ಟಳು. ಅದೇ ತಪ್ಪಾಯಿತು. ಮಾತ್ರೆಗೊಂದು ಬೀಡಿ, ದಿನಕ್ಕೆ ಮೂರು ಬೀಡಿ; ಹೀಗೇ ನಾಲ್ಕು ತಿಂಗಳು.

ಅದೂ ಎಂಥ ಮನೆ! ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರಬಾರದೆಂದು ಕಿಟಕಿಗಳಿಗೆಲ್ಲ ಬಲೆ, ಅದರ ಮೇಲೆ ಪರದೆ. ಬೀಡಿ ಹೊಗೆ ತಾಕಿದರೆ ಹುಳ ಸಾಯುತ್ತದೆಂದು, ನಡುಮನೆಗೆ ಅಂಟಿಕೊಂಡ ಹುಳದ ಮನೆಯ ಬಾಗಿಲಿಗೆ ಒದ್ದೆ ಗೋಣಿಚೀಲ. ಹೊಗೆ ಹೋಗುವುದಾದರೂ ಎಲ್ಲಿಗೆ? ನಡುಮನೆಯಲ್ಲೇ, ಅವಳ ಮೂಗಿನ ಮುಂದೆಯೇ ನಿಲ್ಲುತ್ತಿತ್ತು.

ಇವತ್ತು ಅವಳು ಬಾಗಿಲಲ್ಲೇ ನಿಂತಳು. "ಯಜಮಾನ್ರೆ, ನನಗೆ ಹೊಗೆ ಆಗಲ್ಲ ಅಂದವ್ರೆ ಡಾಕ್ಟ್ರು. ಜಗಲಿಗೆ ಬನ್ನಿ, ಅಲ್ಲೇ ಮಾತ್ರೆ ಕೊಡ್ತೀನಿ."

"ಜಗಲೀಲಿ ಕೂತ್ರೆ ನನ್ನ ಕಾಯಿಲೆ ಊರಿಗೆಲ್ಲ ಗೊತ್ತಾಗ್ತದೆ. ಒಳಗೆ ಬರೋಹಂಗಿದ್ರೆ ಬಾ ತಾಯೀ, ಇಲ್ದಿದ್ರೆ ಮಾತ್ರೇನೂ ಬೇಡ, ನೀನೂ ಬೇಡ" ಎಂದ ನಲ್ಲಪ್ಪ, ಬೆಂಕಿಕಡ್ಡಿ ಗೀರುತ್ತ.

ಅರ್ಧಕ್ಕೆ ಮಾತ್ರೆ ಬಿಟ್ಟವರು ಏನಾಗುತ್ತಾರೆಂದು ಅವಳು ಕಂಡಿದ್ದಳು. ಕಳೆದ ವರ್ಷ ಹಾಗೆ ಬಿಟ್ಟವನ ಸಾವಿಗೂ ಹೋಗಿ ಬಂದಿದ್ದಳು. ಬೈದುಕೊಳ್ಳುತ್ತಲೇ ಒಳಗೆ ಬಂದು ಕೂತಳು.

ಎರಡನೇ ಬೀಡಿಗೆ ಎದೆ ಬಿಗಿಯಿತು. ಕೆಮ್ಮು ಶುರುವಾದದ್ದು ನಿಲ್ಲಲೇ ಇಲ್ಲ. ಕಣ್ಣು ಕತ್ತಲಿಟ್ಟಿತು. ಗಾಳಿ ಸಿಕ್ಕಿದರೆ ಸಾಕೆಂದು ಹತ್ತಿರದಲ್ಲಿದ್ದ ಹುಳದ ಮನೆಯ ಗೋಣಿಚೀಲ ಸರಿಸಿದಳು. ಒಳಗಿನ ತಂಪು, ಹಸಿ ಸೊಪ್ಪಿನ ವಾಸನೆ ಮುಖಕ್ಕೆ ತಾಗಿತು. ಸೊಪ್ಪು ಹಾಕುತ್ತಿದ್ದ ನಲ್ಲಪ್ಪನ ಸೊಸೆ ಹರಿಣಿ ಓಡಿ ಬಂದು ಎರಡೂ ಕೈ ಅಡ್ಡ ಹಿಡಿದಳು.

"ಅಕ್ಕಾ, ಬೇಡಿ, ಕೈ ಮುಗೀತೀನಿ! ನಿಮ್ ಸೀರೆ ತುಂಬ ಬೀಡಿ ಹೊಗೆ ಐತೆ. ಇನ್ನೆರಡು ದಿನಕ್ಕೆ ಗೂಡು ಕಟ್ತವೆ. ಒಂದೂ ಉಳಿಯಲ್ಲ."

ಹರಿಣಿ ಕೆಟ್ಟವಳಲ್ಲ. ಚೊಂಬಿನಲ್ಲಿ ನೀರು ತಂದು ಕೈಗಿಟ್ಟಳು. ಆಮೇಲೆ ಗೋಣಿಚೀಲವನ್ನು ಮೊದಲಿನಂತೆ ಎಳೆದು, ಅಂಚುಗಳನ್ನು ಬಿಗಿಯಾಗಿ ಸಿಕ್ಕಿಸಿದಳು. ಅನಸೂಯಮ್ಮನಿಗೆ ಹುಳಗಳ ಮೇಲೆ ಹೊಟ್ಟೆಕಿಚ್ಚಾಯಿತು. ಗೋಡೆ ಹಿಡಿದುಕೊಂಡು ಬಂದು ಮತ್ತೆ ತನ್ನ ಜಾಗದಲ್ಲೇ ಕೂತಳು. ಇನ್ನೊಂದು ಮಾತ್ರೆ ಬಾಕಿಯಿತ್ತು, ಇನ್ನೆರಡು ತಿಂಗಳು ಬಾಕಿಯಿತ್ತು.

ನಲ್ಲಪ್ಪ ಮೂರನೆಯ ಬೀಡಿ ಮುಗಿಸಿ, ಮಾತ್ರೆ ನುಂಗಿ, ಬಾಯಿ ತೆರೆದು ತೋರಿಸಿದ. ಮೈ ತುಂಬಿಕೊಂಡಿದ್ದ, ಮುಖದಲ್ಲಿ ಕಳೆ ಬಂದಿತ್ತು.

"ನಿನ್ನ ಕೈಗುಣ ಚೆನ್ನಾಗೈತೆ ಕಣಮ್ಮ. ನನಗೆ ಕೆಮ್ಮೇ ಇಲ್ಲ ನೋಡು ಈಗ" ಎಂದ.

ಅನಸೂಯಮ್ಮ ಏನೋ ಹೇಳಲು ಬಾಯಿ ತೆರೆದಳು. ಉಸಿರು ಸಾಲಲಿಲ್ಲ.