ಕುಂಕುಮ ಒರೆಸಿದ ಕೊಳವೆ

ನಾಲ್ಕು ವರ್ಷದ ಹಿಂದಿನ ಮಾತು. ಆರ್.ಟಿ. ನಗರದಲ್ಲಿ, ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ವಾಟರ್‌ಕೂಲ್ಡ್ ಕಂಪ್ಯೂಟರ್‌ಗಳನ್ನು ಕಟ್ಟಿಕೊಡುತ್ತಿದ್ದೆ. ಈಗಲೂ ಅದೇ ಕೋಣೆ, ಅದೇ ಕೆಲಸ. ಹೆಸರು ಇಮ್ತಿಯಾಜ್. ಕಂಪ್ಯೂಟರ್‌ಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಎಲ್ಲರಿಗೂ ಗೊತ್ತು. ಅವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಮಾಡಿಸುವುದೇ ನನ್ನ ವೃತ್ತಿ.

ವಿಧಾನ ಸರಳವಾದುದು. ಬಿಸಿಯಾಗುವ ಚಿಪ್‌ಗಳ ಮೇಲೆ ತಾಮ್ರದ ಬ್ಲಾಕ್ ಕೂರಿಸಿ, ಪಂಪ್‌ನಿಂದ ಅದರೊಳಗೆ ಕೂಲೆಂಟ್ ಎಂಬ ತಂಪು ದ್ರವ ಹರಿಸಿ, ಬಿಸಿಯನ್ನು ರೇಡಿಯೇಟರ್‌ಗೆ ಸಾಗಿಸುತ್ತೇವೆ. ಹಾರ್ಡ್ ಟ್ಯೂಬಿಂಗ್ ಎಂದರೆ ಮೆತ್ತನೆಯ ಪೈಪಿನ ಬದಲು ಗಾಜಿನಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್ ಕೊಳವೆ. ಅದರೊಳಗೆ ಸಿಲಿಕೋನ್ ಹಗ್ಗ ತೂರಿಸಿ, ಹೀಟ್ ಗನ್‌ನಲ್ಲಿ ಕಾಯಿಸಿ, ಮೆತ್ತಗಾದ ಕ್ಷಣದಲ್ಲಿ ತೊಂಬತ್ತು ಡಿಗ್ರಿಗೆ ಬಗ್ಗಿಸಬೇಕು. ಇದರಲ್ಲಿ ಎರಡು ಜಾತಿ: ಪಿಇಟಿಜಿ ಮತ್ತು ಅಕ್ರಿಲಿಕ್. ಆವರೆಗೆ ನಾನು ಬಳಸಿದ್ದೆಲ್ಲ ಪಿಇಟಿಜಿ. ಕೆಲಸ ಮುಗಿದ ಮೇಲೆ ಸ್ಪಿರಿಟ್ ಹಾಕಿ ಒರೆಸಿ, ಫಳಫಳ ಹೊಳೆಯುವಂತೆ ಮಾಡಿ ಕೊಡುವುದು ನನ್ನ ಪದ್ಧತಿ, ಸ್ವಲ್ಪ ಮಟ್ಟಿಗೆ ಜಂಬ ಕೂಡ.

ಗಿರಿಜಾ ಮೇಡಂ ಬಾಗಲಕೋಟೆ ಕಡೆಯವರು. ಯಲಹಂಕದ ಹತ್ತಿರದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಏಳು ವರ್ಷದಿಂದ ಪಿಎಚ್‌.ಡಿ. ಎಳೆಯುತ್ತಿದ್ದರು. ಜೋರು ಮಳೆ ಬಂದರೆ ಹೆಬ್ಬಾಳದ ಸುತ್ತಲಿನ ರಾಜಕಾಲುವೆಗಳಲ್ಲಿ ನೀರು ಎಲ್ಲೆಲ್ಲಿ ಉಕ್ಕುತ್ತದೆ ಎಂದು ಲೆಕ್ಕ ಹಾಕುವ ಸಂಶೋಧನೆ ಅದು. ಕೊನೆಯ ಲೆಕ್ಕಾಚಾರಕ್ಕೆ ಕಂಪ್ಯೂಟರ್ ಹನ್ನೆರಡು ದಿನ ಹಗಲೂ ರಾತ್ರಿ ಓಡಬೇಕಿತ್ತು. ಹದಿಮೂರನೆಯ ದಿನ, ಸೋಮವಾರ, ಪ್ರಬಂಧ ಸಲ್ಲಿಸುವ ಕಡೆಯ ಗಡುವು. ತಪ್ಪಿದರೆ ನೋಂದಣಿಯೇ ರದ್ದು. ವೇಗ ಹೆಚ್ಚಲೆಂದು ಅವರು ನಡುನಡುವೆ ಫಲಿತಾಂಶ ಉಳಿಸುವ ಸೌಲಭ್ಯವನ್ನು ನಿಲ್ಲಿಸಿದ್ದರು. ಅಂದರೆ ಒಮ್ಮೆ ಆಫ್ ಆದರೆ ಮತ್ತೆ ಒಂದರಿಂದ ಶುರು. ಅಷ್ಟು ದಿನದ ಬಿಸಿಗೆ ಪಿಇಟಿಜಿ ಮೆತ್ತಗಾದೀತೆಂದು ಹೆದರಿ, ಅವರಿಗೆ ಕಟ್ಟಿಕೊಟ್ಟ ಯಂತ್ರಕ್ಕೆ ನಾನು ಮೊದಲ ಸಲ ಅಕ್ರಿಲಿಕ್ ಹಾಕಿದೆ.

ವಿಜಯದಶಮಿಯ ಬೆಳಿಗ್ಗೆ ಕಡೆಯ ತಪಾಸಣೆಗೆ ಯಲಹಂಕದ ಅವರ ಮನೆಗೆ ಹೋದೆ. ಹಿಂದಿನ ದಿನ ಆಯುಧಪೂಜೆ. ಗಿರಿಜಾ ಅವರ ತಾಯಿ ಶಿವಕ್ಕ ಹೊಸ ಯಂತ್ರಕ್ಕೆ ಚೆಂಡುಹೂ ಇಟ್ಟು, ಗ್ರಾಫಿಕ್ಸ್ ಕಾರ್ಡ್ ಮೇಲೆ ಹಾಯುವ ಕೊಳವೆಯ ಎರಡು ಬಾಗುಗಳಿಗೂ ವಿಭೂತಿ, ಕುಂಕುಮ ಹಚ್ಚಿದ್ದರು. ಪುಡಿ ಒಳಗೆ ಉದುರೀತೆಂದು, ಅಭ್ಯಾಸದಂತೆ ಸ್ಪಿರಿಟ್ ಬಟ್ಟೆಯಿಂದ ಒರೆಸಿಬಿಟ್ಟೆ. ತಾಯಿ ಮಗಳು ಆಗ ಅಡುಗೆಮನೆಯಲ್ಲಿದ್ದರು. ಹತ್ತು ಗಂಟೆಗೆ ಲೆಕ್ಕಾಚಾರ ಶುರುವಾಯಿತು.

ಲೆಕ್ಕಾಚಾರದ ಕಡೆಯ ದಿನ, ಭಾನುವಾರ, ಬೆಳಗಿನ ಏಳಕ್ಕೆ ಗಿರಿಜಾ ಅವರ ಫೋನ್ ಬಂತು.

"ಭಾಯ್, ಒಳಗ ನೀರು ಹನಿಯಾಕತ್ತೈತ್ರೀ. ಬಂದ್ ಮಾಡಾಕ ಬರೂದಿಲ್ಲ. ಇನ್ನೂ ಒಂಬತ್ತು ತಾಸೈತಿ."

ಫ್ಲೈಓವರ್ ಹತ್ತಿ ಯಲಹಂಕ ಮುಟ್ಟುವಾಗ ಏಳೂವರೆ. ಟಾರ್ಚ್ ಹಾಕಿ ನೋಡಿದೆ. ಒಂದು ಬಾಗಿನಲ್ಲಿ ಕೂದಲೆಳೆಯಂಥ ಬಿರುಕುಗಳು. ಕುಂಕುಮ ಇದ್ದ ಜಾಗದಲ್ಲೇ, ನನ್ನ ಬಟ್ಟೆ ಓಡಾಡಿದ ಜಾಗದಲ್ಲೇ. ನೋಡಿದ ಕೂಡಲೇ ಅರ್ಥವಾಯಿತು. ಬಗ್ಗಿಸಿದ ಅಕ್ರಿಲಿಕ್‌ನಲ್ಲಿ ಬಿಗಿತ ಉಳಿದಿರುತ್ತದೆ. ಅದಕ್ಕೆ ಸ್ಪಿರಿಟ್ ತಾಗಿದರೆ ಒಳಗೊಳಗೇ ಸೀಳಲು ಶುರುವಾಗುತ್ತದೆ. ಇದನ್ನು ಎಲ್ಲೋ ಓದಿದ್ದೆ. ಕೈಗೆ ಮಾತ್ರ ಅದು ನೆನಪಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಶಿವಕ್ಕ ಸಣ್ಣ ದನಿಯಲ್ಲಿ ಕೇಳಿದರು: "ನಾ ಕುಂಕುಮ ಹಚ್ಚಿದ್ದಕ್ಕ ಹಿಂಗಾತೇನವಾ?"

"ಬ್ಯಾಡ ಬ್ಯಾಡ ಅಂದ್ರೂ ಹಚ್ಚಿದಿ. ಎಲ್ಲಾದಕ್ಕೂ ನಿನ್ನ ಪೂಜಿ!" ಎಂದರು ಗಿರಿಜಾ.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ತಪ್ಪು ಒಪ್ಪಿಕೊಳ್ಳುವ ಭಯ ಒಂದು ಕಡೆ. ಇನ್ನೊಂದು ಕಡೆ, ಹಬ್ಬದ ಕುಂಕುಮವನ್ನು ಒರೆಸಿ ಹಾಕಿದ್ದು ಇಮ್ತಿಯಾಜ್ ಎಂಬ ಹೆಸರಿನವನು ಎಂದರೆ ಹೇಗೆ ಕೇಳಿಸೀತು ಎಂಬ ಅಳುಕು. ತಲೆ ತಗ್ಗಿಸಿ ಟಿಶ್ಯೂ ಒತ್ತುತ್ತ ಕೂತೆ. ಶಿವಕ್ಕ ಪಕ್ಕದ ಕೋಣೆಗೆ ಹೋಗಿ, ಗೋಡೆಗೊರಗಿ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರು ಬಿಕ್ಕುವುದು ಫ್ಯಾನ್‌ಗಳ ಸದ್ದಿನಲ್ಲೂ ಕೇಳುತ್ತಿತ್ತು.

ಒದ್ದೆ ಕೊಳವೆಗೆ ಟೇಪ್ ಹಿಡಿಯದು, ಅಂಟು ಒಣಗದು, ಬಿಗಿದು ಕಟ್ಟಿದರೆ ಮುರಿದೇ ಹೋದೀತು. ಕೂಲೆಂಟ್ ಟ್ಯಾಂಕಿನ ಮುಚ್ಚಳ ಸಡಿಲಿಸಿ, ಪಂಪ್ ನಿಧಾನಿಸಿ, ಒಳಗಿನ ಒತ್ತಡ ಇಳಿಸಿದೆ. ಸೋರಿಕೆ ಕಡಿಮೆಯಾಯಿತು, ಚಿಪ್‌ನ ಬಿಸಿ ಐವತ್ತೆಂಟು ಡಿಗ್ರಿಯಿಂದ ಎಪ್ಪತ್ತೊಂಬತ್ತಕ್ಕೆ ಏರಿತು. ಇನ್ನು ನಾಲ್ಕೈದು ಏರಿದರೆ ಯಂತ್ರ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಗಡುವು ಕೈತಪ್ಪುತ್ತದೆ. ಒಂದು ಕೈಯಲ್ಲಿ ಪಂಪ್‌ನ ವೇಗ ಹೊಂದಿಸುತ್ತ, ಇನ್ನೊಂದರಲ್ಲಿ ಸೋರಿದಷ್ಟೂ ಡಿಸ್ಟಿಲ್ಡ್ ವಾಟರ್ ತುಂಬುತ್ತ ಮೂರು ಗಂಟೆ ದೂಡಿದೆ.

ಹತ್ತೂವರೆಗೆ ಎರಡನೆಯ ಬಾಗು ಬಾಯಿ ಬಿಟ್ಟಿತು. ಅದು ಇದ್ದದ್ದು ಕಾರ್ಡಿಗೆ ಕರೆಂಟ್ ಬರುವ ಕನೆಕ್ಟರ್‌ನ ನೆತ್ತಿಯ ಮೇಲೆ. ಒಂದು ಹನಿ ಬಿದ್ದರೂ ಎಲ್ಲ ಮುಗಿಯಿತು. ಟಿಶ್ಯೂ ತುರುಕಲು ನಡುವಿನ ಸಂದಿಗೆ ನನ್ನ ದಪ್ಪ ಬೆರಳು ಹೋಗಲೊಲ್ಲದು. ಗಿರಿಜಾ ಪ್ರಯತ್ನಿಸಿದರು, ಬೆರಳು ಕೊಳವೆಗೇ ತಾಗಿ ಅದು ಅಲುಗಿದ್ದೇ ಕೈ ಹಿಂದಕ್ಕೆ ಎಳೆದುಕೊಂಡರು.

ಆಗ ಕಣ್ಣಿಗೆ ಬಿದ್ದದ್ದು ದೇವರ ಮುಂದಿನ ತಟ್ಟೆ. ಶಿವಕ್ಕ ಹೊಸೆದಿಟ್ಟ ಹತ್ತಿಯ ಬತ್ತಿಗಳು, ದಾರದಷ್ಟು ಸಣ್ಣ, ಒಂದೇ ಸಮ. ಅಂಥದೊಂದನ್ನು ಬಾಗಿಗೆ ಸುತ್ತಿ ತುದಿಯನ್ನು ಲೋಟಕ್ಕೆ ಇಳಿಬಿಟ್ಟರೆ ನೀರು ಬತ್ತಿ ಹಿಡಿದುಕೊಂಡು ಲೋಟಕ್ಕೆ ಹೋಗುತ್ತದೆ.

"ಅಮ್ಮಾ, ಸ್ವಲ್ಪ ಬನ್ನಿ. ಈ ಬತ್ತೀನ ಪೈಪ್‌ಗೆ ಸುತ್ತೋಕೆ ನಿಮ್ಮ ಕೈ ಬೇಕು."

"ಬ್ಯಾಡೋ ಯಪ್ಪಾ. ನಾ ಮುಟ್ಟಿದ್ದಕ್ಕ ಹಿಂಗಾಗೈತಿ. ಮತ್ತೊಮ್ಮೆ ಮುಟ್ಟಿದ್ರ ಮಗಳ ಓದು ನೀರಾಗಿ ಹೋದೀತು."

ಎರಡು ಸಲ ಕರೆದೆ. ಅವರು ಗೋಡೆ ಬಿಟ್ಟು ಏಳಲಿಲ್ಲ. ಬಿರುಕಿನ ಅಂಚಿನಲ್ಲಿ ಹನಿ ದಪ್ಪವಾಗುತ್ತಿತ್ತು. ಬೇರೆ ದಾರಿಯೇ ಇರಲಿಲ್ಲ.

"ಅಮ್ಮಾ, ನಿಮ್ಮ ಕುಂಕುಮ ಏನೂ ಮಾಡಿಲ್ಲ. ಅದನ್ನ ಸ್ಪಿರಿಟಲ್ಲಿ ಒರೆಸಿದ್ದು ನಾನು. ಈ ಪೈಪ್‌ಗೆ ಸ್ಪಿರಿಟ್ ತಾಗ್ಬಾರ್ದು. ಬೆಳಿಗ್ಗೆ ನೋಡಿದ ತಕ್ಷಣ ಗೊತ್ತಾಯ್ತು. ಬಾಯ್ಬಿಡ್ಲಿಲ್ಲ."

ಗಿರಿಜಾ ನನ್ನ ಮುಖವನ್ನೇ ನೋಡಿದರು. "ಮೂರು ತಾಸಿನಿಂದ ನಮ್ಮವ್ವ ಅಳಾಕತ್ತಾಳ. ನೀವು ಕೇಳಕೋಂತ ಕುಂತಿದ್ರಿ."

ನಾನು ಬತ್ತಿಯ ತಟ್ಟೆ ಎತ್ತಿ ತಂದು ಮೇಜಿನ ಮೇಲಿಟ್ಟೆ.

ಶಿವಕ್ಕ ಎದ್ದು ಬಂದರು. ಸೆರಗಿಗೆ ಕೈ ಒರೆಸಿಕೊಂಡು, "ಎಲ್ಲಿ ಸುತ್ತಬೇಕು ತೋರಸು" ಎಂದರು, ಅಷ್ಟೇ. ಆ ಸಣ್ಣ ಬೆರಳುಗಳು ಸಂದಿಯೊಳಗೆ ಹೋಗಿ, ಕೊಳವೆ ಅಲುಗದಂತೆ ಬತ್ತಿ ಸುತ್ತಿ ಬಂದವು. ಬತ್ತಿ ಹತ್ತು ನಿಮಿಷಕ್ಕೆ ಉಬ್ಬಿ ನಡುವೆಯೇ ತೊಟ್ಟಿಕ್ಕಲು ನೋಡುತ್ತಿತ್ತು, ಅಷ್ಟರಲ್ಲಿ ಬದಲಿಸಬೇಕು. ಹೊಸೆಯುವುದು, ಸುತ್ತುವುದು, ಬಿಚ್ಚುವುದು. ಊಟಕ್ಕೂ ಏಳಲಿಲ್ಲ. ಎರಡು ಗಂಟೆಯ ಹೊತ್ತಿಗೆ ಹತ್ತಿ ಮುಗಿಯುತ್ತ ಬಂತು. ಗಿರಿಜಾ ದಿಂಬು ಹರಿದರು. ಮೂರರ ನಂತರ ಬಿರುಕು ಕಣ್ಣೆದುರೇ ಉದ್ದವಾಗತೊಡಗಿತು. ನಾನು ದೇವರನ್ನು ಕೇಳಿಕೊಂಡೆ. ಪಕ್ಕದಲ್ಲಿ ಶಿವಕ್ಕನ ತುಟಿಯೂ ಅಲುಗುತ್ತಿತ್ತು.

ನಾಲ್ಕು ಗಂಟೆ ಹನ್ನೊಂದು ನಿಮಿಷಕ್ಕೆ ಪರದೆಯ ಮೇಲೆ ಕೆಲಸ ಪೂರ್ಣ ಎಂಬ ಸಾಲು ಬಂತು. ಗಿರಿಜಾ ಕಡತವನ್ನು ಎರಡು ಕಡೆ ಉಳಿಸಿ, ಪ್ಲಗ್ ಕಿತ್ತು, ತಾಯಿಯ ಮಡಿಲಲ್ಲಿ ಮುಖವಿಟ್ಟು ಜೋರಾಗಿ ಅತ್ತರು. ನಾನು ಲೋಟದ ನೀರು ಚೆಲ್ಲಲು ಹೊರಗೆ ಹೋದೆ.

ಸೋಮವಾರ ಪ್ರಬಂಧ ಸಲ್ಲಿಕೆಯಾಯಿತು. ನಾನು ಕೊಳವೆಗಳನ್ನೆಲ್ಲ ಹೊಸದಾಗಿ ಬಗ್ಗಿಸಿ ಹಾಕಿ, ಬರೀ ನೀರಲ್ಲಿ ಒರೆಸಿದೆ. ಗಿರಿಜಾ ಬೈಯಲಿಲ್ಲ. ಆದರೆ ಅಂದಿನಿಂದ ನಾನು ಅವರಿಗೆ ಭಾಯ್ ಅಲ್ಲ, "ಇಮ್ತಿಯಾಜ್ ಅವರೇ".

ಕೆಟ್ಟ ಕೊಳವೆಯನ್ನು ಕತ್ತರಿಸಿ ಬೇರೆ ಹಾಕಬಹುದು. ತಪ್ಪು ನನ್ನದೆಂದು ಮೊದಲ ನಿಮಿಷದಲ್ಲಿ ಹೇಳದಿದ್ದರೆ, ಆ ಹೊತ್ತಿನಲ್ಲಿ ಬೇರೆಯವರು ಅದನ್ನು ಎತ್ತಿಕೊಂಡುಬಿಡುತ್ತಾರೆ. ಆಮೇಲೆ ಅದನ್ನು ವಾಪಸ್ ಪಡೆಯುವುದು ಕಷ್ಟ.

ಮರುವರ್ಷ ಆಯುಧಪೂಜೆಯ ದಿನ ಕೂಲೆಂಟ್ ಬದಲಿಸಲು ಹೋಗಿದ್ದೆ. ಶಿವಕ್ಕ ಕುಂಕುಮದ ಬಟ್ಟಲು ಹಿಡಿದು ಬಂದು, ಕಂಪ್ಯೂಟರ್‌ನಿಂದ ಒಂದು ಮೊಳ ದೂರ ನಿಂತು, ಬಗ್ಗಿ, ಮೇಜಿನ ಕಾಲಿಗೆ ಹಚ್ಚಿದರು.

"ಅಮ್ಮಾ, ಪೆಟ್ಟಿಗೆಗೇ ಹಚ್ಚಿ. ಏನೂ ಆಗಲ್ಲ, ನನ್ನಾಣೆ."

"ಇರ್ಲಿ ಬಿಡಪಾ," ಎಂದರು ಶಿವಕ್ಕ. "ಇಲ್ಲಿಂದನ ಮುಟ್ಟತೈತಿ."